ಆರು ತಿಂಗಳಿಂದ ಮೂರು ವರ್ಷದವರೆಗೆ ಮಗು ಯಾರ ಕೈಯಲ್ಲಿ? ದುಡಿಯುವ ತಾಯಂದಿರ ಕುರಿತು ಒಂದು ಚರ್ಚೆ

ಬನಶಂಕರಿ ತಾಯಿ, ಬೆಂಗಳೂರು

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದಾಗ ಸಂಬಳ ಸಹಿತ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. ಮೊದಲ ಎರಡು ಮಕ್ಕಳಿಗೆ ಸಿಗುವ ಈ ಅರ್ಧ ವರ್ಷದ ಬಿಡುವು ದೊಡ್ಡ ಆಸರೆ ಎಂಬುದರಲ್ಲಿ ಎರಡು ಮಾತಿಲ್ಲ. ಇನ್ನೊಂದು ತುದಿಯಲ್ಲಿ ಅಂಗನವಾಡಿಯಿದೆ. ಅದು ಮಗುವನ್ನು ಕೂರಿಸಿಕೊಂಡು ಆಡಿಸಿ ಕಲಿಸುವುದು ಮೂರು ವರ್ಷ ತುಂಬಿದ ಮೇಲೆ. ಖಾಸಗಿ ನರ್ಸರಿಗಳ ಲೆಕ್ಕವೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ನಡುವಿನ ಎರಡೂವರೆ ವರ್ಷ ಮಗುವನ್ನು ಯಾರು ನೋಡಿಕೊಳ್ಳಬೇಕು?

ಹೆಣ್ಣುಮಕ್ಕಳು ಉದ್ಯೋಗ ಬಿಡುವ ವಿಚಾರ ಬಂದಾಗಲೆಲ್ಲ ನಾವು ಅವರ ಮನಸ್ಸಿನ ಗಟ್ಟಿತನ, ಸಮಯಪಾಲನೆ, ಗಂಡನ ಮನೆಯವರ ಒಳ್ಳೆಯತನ ಇವುಗಳ ಬಗ್ಗೆ ಮಾತನಾಡುತ್ತೇವೆಯೇ ಹೊರತು ಈ ಎರಡೂವರೆ ವರ್ಷದ ಬಗ್ಗೆ ನೇರವಾಗಿ ಮಾತನಾಡುವುದಿಲ್ಲ. ನಾನು ಕೆಲಸ ಮಾಡುವ ಕಡೆ ಈಚೆಗೆ ರಾಜೀನಾಮೆ ಕೊಟ್ಟ ತಾಯಂದಿರಲ್ಲಿ ಯಾರೂ ಹೆರಿಗೆಯ ಹೊತ್ತಿಗೆ ಬಿಟ್ಟವರಲ್ಲ. ಎಲ್ಲರೂ ರಜೆ ಮುಗಿಸಿ ಮರಳಿ ಬಂದು, ಒಂದಷ್ಟು ತಿಂಗಳು ಏಗಿ, ಆಮೇಲೆ ಬಿಟ್ಟವರು.

ನಾನು ಒಂದು ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ರಕ್ತದೊತ್ತಡ ಏರಿದ್ದರಿಂದ ವೈದ್ಯರು ಹೆರಿಗೆಗೆ ಕೆಲವು ವಾರ ಮೊದಲೇ ವಿಶ್ರಾಂತಿ ಹೇಳಿದರು. ಆ ವಾರಗಳೂ 26ರಲ್ಲೇ ಕಳೆದುಹೋದವು. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಎಂದು ಅದೇ ವೈದ್ಯರು ಹೇಳುತ್ತಾರೆ, ಆದರೆ ಮಗುವಿಗೆ ಆರು ತಿಂಗಳು ತುಂಬುವ ಮೊದಲೇ ನಾನು ಕಚೇರಿಯಲ್ಲಿರಬೇಕು. ನಮ್ಮಲ್ಲಿ ಎಪ್ಪತ್ತಕ್ಕೂ ಹೆಚ್ಚು ಸಿಬ್ಬಂದಿಯಿದ್ದರೂ ಕ್ರೆಶ್ (ಶಿಶುಪಾಲನಾ ಕೇಂದ್ರ) ಇಲ್ಲ. ಅಮ್ಮ ಬರುತ್ತೇನೆ ಎನ್ನುತ್ತಾರೆ, ಆದರೆ ಊರಿನಲ್ಲಿ ಅಪ್ಪ ಒಬ್ಬರೇ ಆಗುತ್ತಾರೆ. ನಿಮ್ಮಲ್ಲಿ ಈ ಅವಧಿಯನ್ನು ದಾಟಿದವರು ಹೇಗೆ ದಾಟಿದಿರಿ, ದಾಟಲಾಗದವರಿಗೆ ಏನು ಅಡ್ಡ ಬಂತು ಎಂಬುದನ್ನು ದಯವಿಟ್ಟು ಬಿಡಿಸಿ ಬರೆಯಿರಿ.

ಪೀಣ್ಯದ ಟೈಲರ್

ಅಕ್ಕಾ, ನಾನು ಗಾರ್ಮೆಂಟ್ಸ್‌ನಲ್ಲಿ ಕಾಲರ್ ಅಟ್ಯಾಚ್ ಮಾಡುವ ಕೆಲಸದಲ್ಲಿದ್ದೇನೆ. ನಮ್ಮ ಫ್ಯಾಕ್ಟರಿಯಲ್ಲಿ ಕ್ರೆಶ್ ಇದೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ತೊಟ್ಟಿಲು, ಗೋಡೆಯ ಮೇಲೆ ಚಿತ್ರ, ಒಬ್ಬ ಆಯಾ ಎಲ್ಲ ಇದ್ದರೂ, ನಮ್ಮ ಫ್ಲೋರಿನಲ್ಲಿ ಮಗು ಹೆತ್ತವರಲ್ಲಿ ಹೆಚ್ಚಿನವರು ಮಗುವನ್ನು ಅಲ್ಲಿಗೆ ತರುವುದಿಲ್ಲ.

ಕಾರಣ ಹೇಳುತ್ತೇನೆ. ಬೆಳಿಗ್ಗೆ ನಾವು ಬರುವುದು ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಅಥವಾ ಟೆಂಪೋದಲ್ಲಿ. ಏಳು ತಿಂಗಳ ಕೂಸನ್ನು ಎತ್ತಿಕೊಂಡು, ಊಟದ ಡಬ್ಬಿ ಹಿಡಿದು, ಆ ನೂಕುನುಗ್ಗಲಿನಲ್ಲಿ ದಿನಾ ಬರುವುದು ಆಗದ ಮಾತು. ಬಂದರೂ ಹಾಲು ಕೊಡಲು ಹೋಗುವುದು ಹೇಗೆ? ಲೈನ್ ಎರಡನೇ ಮಹಡಿಯಲ್ಲಿದೆ, ಕ್ರೆಶ್ ಗೇಟಿನ ಪಕ್ಕದಲ್ಲಿದೆ. ನಾನು ಎದ್ದು ಹೋದರೆ ಹಿಂದಿನ ಮಿಷಿನ್‌ನಿಂದ ಬರುವ ಪೀಸು ನನ್ನ ಮುಂದೆ ರಾಶಿ ಬೀಳುತ್ತದೆ, ಮುಂದಿನವಳು ಕೈಕಟ್ಟಿ ಕೂರುತ್ತಾಳೆ, ಗಂಟೆಯ ಪ್ರೊಡಕ್ಷನ್ ಬರೆಯುವ ಬೋರ್ಡಿನಲ್ಲಿ ಇಡೀ ಬ್ಯಾಚಿನ ಲೆಕ್ಕ ಇಳಿಯುತ್ತದೆ. ಬೈಗುಳ ನನಗೊಬ್ಬಳಿಗೇ ಆದರೆ ತಡೆದುಕೊಳ್ಳಬಹುದು. ಪಕ್ಕದವಳೂ ನನ್ನಿಂದಾಗಿ ಬೈಸಿಕೊಳ್ಳುವಾಗ ಎದ್ದು ಹೋಗಲು ಕಾಲು ಬರುವುದಿಲ್ಲ. ನನ್ನ ಮೊದಲ ಮಗುವಿನ ಸಮಯದಲ್ಲಿ ರವಿಕೆಯೊಳಗೆ ಬಟ್ಟೆ ಮಡಿಸಿಟ್ಟುಕೊಂಡು ಹೊಲಿಯುತ್ತಿದ್ದೆ, ಮಧ್ಯಾಹ್ನದೊಳಗೆ ಅದು ಒದ್ದೆಯಾಗಿರುತ್ತಿತ್ತು. ಊಟದ ಬೆಲ್ ಆದಾಗ ಟಾಯ್ಲೆಟ್ಟಿಗೆ ಹೋಗಿ ಹಾಲು ಹಿಂಡಿ ಚೆಲ್ಲಿ ಬರುತ್ತಿದ್ದೆ.

ಆಮೇಲೆ ಮಗುವನ್ನು ತುಮಕೂರು ಕಡೆ ಊರಿನಲ್ಲಿ ಅತ್ತೆಯ ಬಳಿ ಬಿಟ್ಟೆವು. ನಮ್ಮವರಲ್ಲಿ ಅನೇಕರ ಮಕ್ಕಳು ಹಾಗೆಯೇ ಊರಿನಲ್ಲಿ ಬೆಳೆಯುತ್ತವೆ. ತಿಂಗಳಿಗೊಮ್ಮೆ ಹೋದಾಗ ಮಗು ಅಜ್ಜಿಯ ಸೆರಗಿನ ಹಿಂದೆ ಅವಿತುಕೊಳ್ಳುತ್ತಿತ್ತು. ಇದನ್ನು ಕರುಣೆಗಾಗಿ ಹೇಳುತ್ತಿಲ್ಲ. ಕ್ರೆಶ್ ಕಟ್ಟಿಸಿದರೆ ಮುಗಿಯಿತು ಎಂದುಕೊಳ್ಳುವವರು ಬಸ್ಸನ್ನೂ ಟಾರ್ಗೆಟ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ ಎಂದು ಹೇಳುತ್ತಿದ್ದೇನೆ.

ಕಾರ್ಮಿಕ ವಕೀಲೆ, ಮೈಸೂರು

ಮೊದಲ ಬರಹದಲ್ಲಿ ಕೇಳಿರುವ ಕ್ರೆಶ್ ವಿಚಾರಕ್ಕೆ ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಸುತ್ತೇನೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಲೇಬೇಕು. ಐವತ್ತು ಮಂದಿ ಹೆಂಗಸರೇ ಆಗಿರಬೇಕೆಂದು ಬಹಳ ಕಡೆ ತಪ್ಪು ತಿಳಿವಳಿಕೆಯಿದೆ; ಲೆಕ್ಕ ಒಟ್ಟು ನೌಕರರದ್ದು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಬಹುದು, ವಿಶ್ರಾಂತಿಯ ವೇಳೆಯೂ ಆ ನಾಲ್ಕರಲ್ಲಿ ಸೇರುತ್ತದೆ. ಇದಲ್ಲದೆ ಮಗುವಿಗೆ ಹದಿನೈದು ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವುಗಳಿಗೆ ಹಕ್ಕಿದೆ. ರಜೆಯ ನಂತರ ಕೆಲಸದ ಸ್ವರೂಪ ಒಗ್ಗುವಂತಿದ್ದರೆ, ಮಾಲೀಕರೂ ತಾಯಿಯೂ ಒಪ್ಪಿದ ಷರತ್ತಿನ ಮೇಲೆ ಮನೆಯಿಂದಲೇ ಕೆಲಸ ಮಾಡಬಹುದು. ಈ ಹಕ್ಕುಗಳನ್ನೆಲ್ಲ ನೇಮಕಾತಿಯ ಸಮಯದಲ್ಲೇ ಲಿಖಿತವಾಗಿ ತಿಳಿಸಬೇಕೆಂದು 2017ರ ತಿದ್ದುಪಡಿ ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ 26 ವಾರಗಳ ರಜೆ, ಐವತ್ತು ನೌಕರರ ಮಿತಿಯ ಕ್ರೆಶ್, ಹಾಲುಣಿಸುವ ಬಿಡುವು ಇವೆಲ್ಲ ಉಳಿದಿವೆ.

ಪೀಣ್ಯದ ಸೋದರಿ ಬರೆದದ್ದನ್ನು ಓದಿದ ಮೇಲೆ ಒಂದು ಮಾತು ಸೇರಿಸಲೇಬೇಕು. ಕಾಗದದ ಮೇಲೆ ಬಿಡುವಿದೆ, ಆದರೆ ಆ ಬಿಡುವಿನ ಹೊತ್ತಿನ ಉತ್ಪಾದನೆಯನ್ನು ಟಾರ್ಗೆಟ್ಟಿನಿಂದ ಕಳೆಯಬೇಕೆಂದು ಯಾರೂ ಬರೆದಿಲ್ಲ. ಅಲ್ಲಿಯೇ ಹಕ್ಕು ಸೋರಿಹೋಗುವುದು. ಹಾಲುಣಿಸುವ ತಾಯಿ ಇರುವ ಲೈನಿನ ಗುರಿಯನ್ನು ಅಷ್ಟರಮಟ್ಟಿಗೆ ಇಳಿಸಿ ಬರೆಯಬೇಕೆಂದು ಸಂಘಗಳು ಬೇಡಿಕೆಯಿಡುವುದು ನ್ಯಾಯವಾದ ದಾರಿ. ಮಾಲೀಕರ ಮುಂದೆ ಒಬ್ಬೊಬ್ಬರೇ ನಿಂತು ಕೇಳಿದರೆ ಇದು ಆಗದು. ಗಾರ್ಮೆಂಟ್ಸ್ ಹೆಂಗಸರು ಒಟ್ಟಾಗಿ ನಿಂತರೆ ಏನಾಗುತ್ತದೆ ಎಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರು ಕಂಡಿದೆ, ಪಿ.ಎಫ್. ಹಣ ಹಿಂಪಡೆಯಲು ತಂದ ಕಟ್ಟುಪಾಡನ್ನು ಕೇಂದ್ರ ಸರ್ಕಾರ ಅವರ ಪ್ರತಿಭಟನೆಯ ಬಳಿಕ ಕೈಬಿಟ್ಟಿತು.

ಪೀಣ್ಯದ ಟೈಲರ್

ಆ ಎರಡು ದಿನ ನಾನೂ ರಸ್ತೆಯಲ್ಲಿದ್ದೆ ಮೇಡಂ. ಪಿ.ಎಫ್. ದುಡ್ಡು ನಮಗೆ ಮುದುಕರಾದ ಮೇಲಿನ ದುಡ್ಡಲ್ಲ. ಮಗುವಿಗಾಗಿ ಕೆಲಸ ಬಿಟ್ಟು ಮನೆಯಲ್ಲಿ ಕೂತ ವರ್ಷ ಬಾಡಿಗೆ ಕಟ್ಟುವುದು, ಬಾಣಂತನದ ಸಾಲ ತೀರಿಸುವುದು ಅದರಿಂದಲೇ. ಮಗು ಸ್ವಲ್ಪ ದೊಡ್ಡದಾದ ಮೇಲೆ ಬೇರೆ ಫ್ಯಾಕ್ಟರಿಗೆ ಹೊಸಬಳಂತೆ ಸೇರುತ್ತೇವೆ, ಸರ್ವೀಸು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಐದು ವರ್ಷ ಒಂದೇ ಕಡೆ ತುಂಬದೆ ಗ್ರಾಚ್ಯುಟಿ ಕಳೆದುಕೊಂಡವರು ನಮ್ಮಲ್ಲಿ ಎಷ್ಟೋ ಮಂದಿ.

ಸಿಬ್ಬಂದಿ ವಿಭಾಗದವ, ಜೆ.ಪಿ. ನಗರ

ನಾನು ಮೂವತ್ತು ಜನರ ಒಂದು ಸಣ್ಣ ಸಂಸ್ಥೆಯಲ್ಲಿ ನೇಮಕಾತಿ ನೋಡಿಕೊಳ್ಳುತ್ತೇನೆ. ಇಲ್ಲಿ ಹೇಳಬೇಕಾದ, ಆದರೆ ಸಂಕೋಚದಿಂದ ಯಾರೂ ಹೇಳದ ಸಂಗತಿಯೊಂದಿದೆ. ತಿಂಗಳ ವೇತನ 21,000 ರೂಪಾಯಿಯೊಳಗಿದ್ದು ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವ ಮಹಿಳೆಗೆ ಹೆರಿಗೆ ರಜೆಯ ಹಣವನ್ನು ಇ.ಎಸ್.ಐ. ನಿಗಮ ಕೊಡುತ್ತದೆ. ಅದಕ್ಕಿಂತ ಹೆಚ್ಚಿನ ಸಂಬಳದವರಿಗೆ 26 ವಾರಗಳ ಪೂರ್ತಿ ಹಣವನ್ನು ಮಾಲೀಕನೇ ಭರಿಸಬೇಕು, ಜೊತೆಗೆ ಆ ಅವಧಿಯಲ್ಲಿ ಕೆಲಸ ನಡೆಸಲು ಇನ್ನೊಬ್ಬರನ್ನು ಇಟ್ಟುಕೊಳ್ಳಬೇಕು. ದೊಡ್ಡ ಕಂಪನಿಗೆ ಇದು ಗೊತ್ತಾಗದ ಖರ್ಚು. ಮೂವತ್ತು ಜನರ ಸಂಸ್ಥೆಗೆ ಗೊತ್ತಾಗುವ ಖರ್ಚು. ಅದರ ಫಲವಾಗಿ ಸಂದರ್ಶನದಲ್ಲಿ ಮದುವೆಯಾಗಿದೆಯೇ, ಮಕ್ಕಳಿದ್ದಾರೆಯೇ ಎಂಬ ಪ್ರಶ್ನೆಗಳು ಬರುತ್ತವೆ. ಬಾಯಿಬಿಟ್ಟು ಕೇಳದಿದ್ದರೂ ಪಟ್ಟಿಯಲ್ಲಿ ಹೆಸರು ಕೆಳಗೆ ಸರಿಯುತ್ತದೆ. ಇದು ಸರಿಯಲ್ಲ ಎಂದು ನಾನು ಪ್ರತಿ ಬಾರಿಯೂ ವಾದಿಸುತ್ತೇನೆ, ಕೆಲವೊಮ್ಮೆ ಗೆಲ್ಲುತ್ತೇನೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2000ದ ಹೆರಿಗೆ ರಕ್ಷಣೆಯ ಒಡಂಬಡಿಕೆ ಈ ಅಪಾಯವನ್ನು ಮೊದಲೇ ಗುರುತಿಸಿ, ಹೆರಿಗೆ ಸೌಲಭ್ಯದ ಹಣ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಬರಬೇಕು, ಒಬ್ಬೊಬ್ಬ ಮಾಲೀಕನ ತಲೆಯ ಮೇಲೆ ನೇರವಾಗಿ ಬೀಳಬಾರದು ಎಂದು ಹೇಳಿದೆ. ಭಾರತ ಅದಕ್ಕೆ ಸಹಿ ಹಾಕಿ ಅಂಗೀಕರಿಸಿಲ್ಲ. ಗಂಡಸರನ್ನು ನೇಮಿಸಿಕೊಳ್ಳುವವರೂ ಹೆಂಗಸರನ್ನು ನೇಮಿಸಿಕೊಳ್ಳುವವರೂ ಸಮನಾಗಿ ಹಣ ತುಂಬುವ ನಿಧಿಯೊಂದಿದ್ದರೆ ನನ್ನಂಥವರ ಮುಂದೆ ಆ ಪಟ್ಟಿ ಬಂದಾಗ ಲೆಕ್ಕಾಚಾರಕ್ಕೆ ಜಾಗವೇ ಇರುತ್ತಿರಲಿಲ್ಲ.

ದಾವಣಗೆರೆ ಅಜ್ಜಿ

ಎಲ್ಲರೂ ಕೊನೆಗೆ ಅಜ್ಜಿಯ ಬಳಿಗೇ ಬರುತ್ತಿದ್ದೀರಿ, ಆದ್ದರಿಂದ ಅಜ್ಜಿಯೂ ಎರಡು ಮಾತು ಬರೆಯುತ್ತೇನೆ. ನಾನು ನಿವೃತ್ತ ಶಿಕ್ಷಕಿ, ವಯಸ್ಸು ಅರವತ್ತು ದಾಟಿದೆ. ಮಗಳ ಮಗುವನ್ನು ನೋಡಿಕೊಳ್ಳಲು ಬೆಂಗಳೂರಿನ ಏಳನೇ ಮಹಡಿಯ ಮನೆಯಲ್ಲಿದ್ದೇನೆ. ಯಜಮಾನರು ದಾವಣಗೆರೆಯಲ್ಲಿ ಒಬ್ಬರೇ ಇದ್ದು ಮಧ್ಯಾಹ್ನ ಖಾನಾವಳಿಯ ಊಟ, ರಾತ್ರಿ ಅನ್ನ ಮಜ್ಜಿಗೆ ಮಾಡಿಕೊಳ್ಳುತ್ತಾರೆ.

ಮಗುವಿನ ಕೆಲಸ ಎಂದರೆ ಏನೆಂದು ತಿಳಿಯದವರಿಗಾಗಿ ಒಂದನ್ನು ಮಾತ್ರ ಹೇಳುತ್ತೇನೆ. ರಾಗಿ ಸರಿ ಮಾಡಬೇಕೆಂದರೆ ರಾಗಿಯನ್ನು ಆರಿಸಿ, ತೊಳೆದು, ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿ, ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಆಮೇಲೆ ದಿನಾ ಗಂಟಿಲ್ಲದಂತೆ ಕಾಯಿಸಿ, ಆರಿಸಿ, ಬಾಯಿ ಬಿಗಿದ ಮಗುವಿಗೆ ಕಾಗೆ ತೋರಿಸಿ, ಲಿಫ್ಟ್ ತೋರಿಸಿ ಒಂದೊಂದೇ ಚಮಚ ಉಣಿಸಬೇಕು. ಹತ್ತು ಕೆ.ಜಿ. ಮಗುವನ್ನು ಸೊಂಟದ ಮೇಲೆ ಹೊತ್ತು ಇದನ್ನು ಮಾಡುವಾಗ ನನ್ನ ಮಂಡಿ ಏನು ಹೇಳುತ್ತದೆ ಎಂಬುದನ್ನು ಯಾರೂ ಕೇಳುವುದಿಲ್ಲ.

ಮೊಮ್ಮಗುವಿನ ಮೇಲೆ ನನಗೆ ಪ್ರಾಣ. ಮಗಳು ಕೆಲಸ ಬಿಡುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ನನ್ನ ಮಕ್ಕಳು ಚಿಕ್ಕವರಿದ್ದಾಗ ನಮ್ಮ ಅತ್ತೆ ಮನೆಯಲ್ಲಿ ಇದ್ದುದರಿಂದಲೇ ನಾನು ಪೂರ್ತಿ ಸರ್ವೀಸು ಮುಗಿಸಿ ಪಿಂಚಣಿ ಪಡೆಯುತ್ತಿದ್ದೇನೆ. ಆದರೆ ಅಜ್ಜಿ ಇದ್ದಾಳೆ ಎಂದು ಸರ್ಕಾರವೂ ಕಂಪನಿಯೂ ನೆಮ್ಮದಿಯಾಗಿ ಕೂರುವುದು ನನಗೆ ಒಪ್ಪಿಗೆಯಿಲ್ಲ. ಅಜ್ಜಿಗೂ ಭಾನುವಾರ ಬೇಕು. ಬಾಣಂತನ ಮಾಡಿಕೊಡುವುದು ತಾಯಿಯ ಧರ್ಮವೆಂದು ನಾವು ಒಪ್ಪಿಕೊಂಡಿದ್ದೇವೆ, ಅದು ಮೂರು ತಿಂಗಳೋ ಐದು ತಿಂಗಳೋ ಆಗುತ್ತದೆ. ಎರಡೂವರೆ ವರ್ಷ ಅದೇ ಲೆಕ್ಕದಲ್ಲಿ ಸೇರಿಹೋಗುವಂತೆ ಯಾರು ಮಾಡಿದರು? ಬನಶಂಕರಿಯ ಮಗಳೇ, ನಿನ್ನ ಅಮ್ಮ ಬರುತ್ತೇನೆ ಎಂದಾಗ ಎಷ್ಟು ದಿನ ಆಗುತ್ತದಮ್ಮಾ ನಿನ್ನ ಕೈಯಲ್ಲಿ ಎಂದು ಬಾಯಿಬಿಟ್ಟು ಕೇಳು. ನಾವಾಗಿಯೇ ಹೇಳುವುದಿಲ್ಲ.

ನ್ಯೂಜೆರ್ಸಿ ಕನ್ನಡತಿ

ಅಜ್ಜಿಯವರ ಮಾತು ಇಲ್ಲಿಗೂ ಅಷ್ಟೇ ನಿಜ. ಅಮೆರಿಕದಲ್ಲಿ 1993ರ ಕೇಂದ್ರ ಕಾನೂನು ಕೊಡುವುದು 12 ವಾರಗಳ ಸಂಬಳವಿಲ್ಲದ ರಜೆ, ಅದೂ ಐವತ್ತಕ್ಕಿಂತ ಕಡಿಮೆ ನೌಕರರಿರುವ ಕಡೆ ಅನ್ವಯಿಸುವುದಿಲ್ಲ. ಕೆಲವು ರಾಜ್ಯಗಳು ಇದರ ಮೇಲೆ ತಮ್ಮದೇ ಸಂಬಳದ ರಜೆ ಸೇರಿಸಿವೆ, ನಮ್ಮ ರಾಜ್ಯವೂ ಅವುಗಳಲ್ಲಿ ಒಂದು. ಆದರೂ ನಮ್ಮ ಕನ್ನಡ ಮನೆಗಳಲ್ಲಿ ಲೆಕ್ಕ ಹಾಕುವುದು ವೀಸಾದ ಮೇಲೆ: ಹೆಣ್ಣಿನ ತಾಯಿ ಬಂದು ಆರು ತಿಂಗಳು, ಅವರು ಹೊರಡುವ ಹೊತ್ತಿಗೆ ಗಂಡಿನ ತಾಯಿ ಬಂದು ಆರು ತಿಂಗಳು. ಚಳಿಗಾಲದಲ್ಲಿ ಬಂದ ಅಮ್ಮಂದಿರು ಹೊರಗೆ ಕಾಲಿಡಲಾಗದೆ, ಮಾತಿಗೊಬ್ಬರಿಲ್ಲದೆ ಕಿಟಕಿಯ ಬಳಿ ಕೂತಿರುವುದನ್ನು ನಾನು ನೋಡಿದ್ದೇನೆ. ಆ ವರ್ಷ ಮುಗಿದ ಮೇಲೆ ಡೇ ಕೇರ್, ಅದರ ಶುಲ್ಕ ಮನೆ ಬಾಡಿಗೆಯ ಹತ್ತಿರ ಬರುತ್ತದೆ.

ಸಾಗರದ ತಾಯಿ

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಮಗಳು ಹುಟ್ಟಿದ ಮೇಲೆ ನಾನು ಖಾಸಗಿ ಕಾಲೇಜಿನ ಕೆಲಸವನ್ನು ಮನಸಾರೆ ಬಿಟ್ಟೆ. ಯಾರೂ ಒತ್ತಾಯಿಸಲಿಲ್ಲ. ಮಗು ಮೊದಲ ಹೆಜ್ಜೆಯಿಟ್ಟಾಗ, ಮೊದಲ ಮಾತಾಡಿದಾಗ ಅಲ್ಲಿರಬೇಕೆಂಬ ಆಸೆ ನನ್ನದೇ ಆಗಿತ್ತು, ಅದಕ್ಕಾಗಿ ಇಂದಿಗೂ ಪಶ್ಚಾತ್ತಾಪವಿಲ್ಲ. ಈ ಚರ್ಚೆಯಲ್ಲಿ ಕೆಲಸ ಬಿಟ್ಟವರೆಲ್ಲರನ್ನೂ ಸೋತವರ ಸಾಲಿನಲ್ಲಿ ನಿಲ್ಲಿಸಬಾರದೆಂದು ಕೇಳಿಕೊಳ್ಳುತ್ತೇನೆ.

ನನ್ನ ತಕರಾರು ಬೇರೆ. ಮಗಳಿಗೆ ಮೂರೂವರೆ ವರ್ಷವಾದಾಗ ಮರಳಿ ಅರ್ಜಿ ಹಾಕಿದೆ. ಪ್ರತಿ ಸಂದರ್ಶನದಲ್ಲೂ ಈ ಮಧ್ಯೆ ಏನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬಂತು. ಮಗುವನ್ನು ಬೆಳೆಸುತ್ತಿದ್ದೆ ಎಂದರೆ ಆ ಉತ್ತರವನ್ನು ಖಾಲಿ ಜಾಗವೆಂದೇ ಬರೆದುಕೊಂಡರು. ಕೊನೆಗೆ ಸಿಕ್ಕಿದ್ದು ಹಿಂದಿನದಕ್ಕಿಂತ ಕಡಿಮೆ ಸಂಬಳದ, ಗಂಟೆಯ ಲೆಕ್ಕದ ಪಾಠ. ನನ್ನ ಜೊತೆ ಸೇರಿದ್ದ ಗಂಡಸರು ಈಗ ವಿಭಾಗ ಮುಖ್ಯಸ್ಥರಾಗಿದ್ದಾರೆ. ಒಂದಷ್ಟು ಕಾಲ ಮನೆಯಲ್ಲಿ ಉಳಿಯುವ ಆಯ್ಕೆ ಜೀವನಪೂರ್ತಿಯ ದಂಡವಾಗಬೇಕೆ? 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಅಧ್ಯಯನ ಅಮೆರಿಕದ ಬಗ್ಗೆಯಾದರೂ ಅದರ ಮುಖ್ಯ ಮಾತು ನನಗೆ ನನ್ನದೇ ಕಥೆಯಂತೆ ಕಂಡಿತು: ಒಂದೇ ಉದ್ಯೋಗದಲ್ಲಿರುವ ಗಂಡು ಹೆಣ್ಣಿನ ಗಳಿಕೆಯ ಅಂತರ ಬಹುಪಾಲು ತೆರೆದುಕೊಳ್ಳುವುದು ಮೊದಲ ಮಗು ಹುಟ್ಟಿದ ನಂತರ, ಹೊತ್ತಿಲ್ಲದ ಹೊತ್ತಿನಲ್ಲೂ ಸಿಗುವವರಿಗೆ ಹೆಚ್ಚು ಸಂಬಳ ಕೊಡುವ ಕೆಲಸಗಳು ಆ ಅಂತರವನ್ನು ಹಿಗ್ಗಿಸುತ್ತವೆ.

ಬನಶಂಕರಿ ತಾಯಿ

ಸಾಗರದ ಅಕ್ಕನ ಮಾತನ್ನು ಒಪ್ಪುತ್ತೇನೆ. ಬಿಡುವ ಸ್ವಾತಂತ್ರ್ಯವೂ ಬೇಕು, ಮರಳುವ ಬಾಗಿಲೂ ಬೇಕು. ಆದರೆ ಸಂಬಳವಿಲ್ಲದೆ ಮನೆ ನಡೆಯದ ನನ್ನಂಥವರಿಗೂ ಪೀಣ್ಯದವರಿಗೂ ಬಿಡುವುದೆಂಬುದು ಆಯ್ಕೆಯ ಪಟ್ಟಿಯಲ್ಲೇ ಇಲ್ಲ. ಅಜ್ಜಿಯವರೇ, ನೀವು ಬರೆದದ್ದನ್ನು ಅಮ್ಮನಿಗೆ ಓದಿಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾಲ್ಕು ತಿಂಗಳು ಇರುತ್ತೇನೆ, ಆಮೇಲೆ ಊರಿಗೆ ಹೋಗಲೇಬೇಕು ಎಂದರು. ಈ ಲೆಕ್ಕ ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು.

ಹಾವೇರಿಯ ಅಕ್ಕೋರು

ಸರ್ಕಾರಿ ಶಾಲೆಯ ಶಿಕ್ಷಕಿಯಾಗಿ ನಾನು ಅದೃಷ್ಟವಂತೆ. ಹೆರಿಗೆಗೆ 180 ದಿನ ಸಿಗುತ್ತದೆ. 2021ರಿಂದ ರಾಜ್ಯ ಸರ್ಕಾರಿ ನೌಕರಿಯಲ್ಲಿರುವ ತಾಯಂದಿರಿಗೆ ಇಡೀ ಸೇವಾವಧಿಯಲ್ಲಿ ಇನ್ನೂ 180 ದಿನಗಳ ಶಿಶುಪಾಲನಾ ರಜೆಯೂ ಇದೆ. ಕೇಂದ್ರ ಸರ್ಕಾರದ ನೌಕರರಿಗೆ ಇದು 730 ದಿನ. ಎರಡು ಶಿಕ್ಷಕರ ಶಾಲೆಯಲ್ಲಿ ಒಬ್ಬರು ರಜೆ ಹಾಕಿದರೆ ಎಲ್ಲ ತರಗತಿಗಳೂ ಒಂದೇ ಕೋಣೆಗೆ ಬರುತ್ತವೆಂಬ ಕಷ್ಟವಿದ್ದರೂ, ಮಗು ಜ್ವರದಿಂದ ನರಳುವಾಗ ಕೇಳಲು ಒಂದು ಹಕ್ಕಾದರೂ ನಮಗಿದೆ.

ನನ್ನ ಕಣ್ಣಿಗೆ ಕುಟುಕುವುದು ನನ್ನ ಪಕ್ಕದ ಕೋಣೆ. ಅಲ್ಲಿ ಪಾಠ ಮಾಡುವ ಅತಿಥಿ ಶಿಕ್ಷಕಿ ಅದೇ ಪುಸ್ತಕವನ್ನು, ಅದೇ ಮಕ್ಕಳಿಗೆ ಕಲಿಸುತ್ತಾಳೆ. ಅವಳಿಗೆ ಏಳು ತಿಂಗಳಾದಾಗ ಬರುವುದನ್ನು ನಿಲ್ಲಿಸಿದಳು, ಬೇರೊಬ್ಬರು ಬಂದರು, ಗೌರವಧನ ಅವರಿಗೆ ಹೋಯಿತು. ನಮ್ಮೂರಿನ ಅಂಗನವಾಡಿಯದೂ ಇದೇ ಕಥೆ. 1975ರ ಅಕ್ಟೋಬರ್‌ನಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗೆ ಐವತ್ತು ವರ್ಷ ತುಂಬಿದರೂ, ಊರಿನ ಮಕ್ಕಳನ್ನೆಲ್ಲ ನೋಡಿಕೊಳ್ಳುವ ಹೆಂಗಸಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಇತರ ತಾಯಂದಿರ ದುಡಿಮೆ ನಿಂತಿರುವುದೇ ಇವರ ಬೆನ್ನಿನ ಮೇಲೆ. ಅಂಗನವಾಡಿ ಸಂಜೆ ನಾಲ್ಕರ ಸುಮಾರಿಗೆ ಮುಗಿಯುತ್ತದೆ, ಹೊಲದ ಕೂಲಿ ಅದಕ್ಕೂ ತಡವಾಗಿ ಮುಗಿಯುತ್ತದೆ. ನಡುವಿನ ಹೊತ್ತಿನಲ್ಲಿ ಎಂಟು ವರ್ಷದ ಅಕ್ಕ ತಮ್ಮನನ್ನು ಎತ್ತಿಕೊಂಡಿರುತ್ತಾಳೆ. ನನ್ನ ತರಗತಿಗೆ ಬಾರದ ಹುಡುಗಿಯರಲ್ಲಿ ಕೆಲವರು ಹೀಗೆ ತಾಯಿಯ ಜಾಗದಲ್ಲಿ ನಿಂತವರು.

2023ರಿಂದ ರಾಜ್ಯದ 4,000 ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಪುಟ್ಟ ಮಕ್ಕಳಿಗಾಗಿ ಕೂಸಿನ ಮನೆ ತೆರೆಯಲು ಸರ್ಕಾರ ಹೊರಟಿತು. ಇಲ್ಲಿ ಕೇಳುತ್ತಿರುವ ಪ್ರಶ್ನೆಗೆ ನೇರವಾಗಿ ಕೈಹಾಕಿದ ಯೋಜನೆ ಅದು. ಊರಿನವರೇ ತರಬೇತಿ ಪಡೆದು ಆರೈಕೆ ಮಾಡುತ್ತಾರೆ, ಮಕ್ಕಳಿಗೆ ಊಟವಿರುತ್ತದೆ. ನಮ್ಮ ಪಕ್ಕದ ಪಂಚಾಯಿತಿಯ ಕೂಸಿನ ಮನೆಯಲ್ಲಿ ಸೀರೆಯ ಜೋಲಿ ಕಟ್ಟಿ ಮಕ್ಕಳನ್ನು ಮಲಗಿಸಿದ್ದನ್ನು ನೋಡಿದಾಗ ನನಗೆ ಬಹಳ ಸಮಾಧಾನವಾಯಿತು. ಇದು ಕೂಲಿಯ ದಿನಗಳಿಗೆ ಸೀಮಿತವಾಗದೆ, ಆರೈಕೆ ಮಾಡುವವರಿಗೆ ತಪ್ಪದೆ ಹಣ ತಲುಪಿ, ವರ್ಷವಿಡೀ ನಡೆಯಬೇಕು. ನಗರದ ವಾರ್ಡುಗಳಿಗೂ ಇಂಥದೇ ಬೇಕು. ಪೀಣ್ಯದ ತಂಗಿ ಬರೆದ ಬಸ್ಸಿನ ಕಷ್ಟಕ್ಕೆ ಉತ್ತರ ಫ್ಯಾಕ್ಟರಿಯ ಗೇಟಿನಲ್ಲಿಲ್ಲ, ಅವರ ಬೀದಿಯಲ್ಲಿದೆ.

ಕಾರ್ಮಿಕ ವಕೀಲೆ, ಮೈಸೂರು

ಅತಿಥಿ ಶಿಕ್ಷಕಿಯ ವಿಚಾರ ಬಂದದ್ದರಿಂದ ಎರಡು ತೀರ್ಪುಗಳನ್ನು ನೆನಪಿಸುತ್ತೇನೆ. ದೆಹಲಿ ಮಹಾನಗರ ಪಾಲಿಕೆಯ ದಿನಗೂಲಿ ಮಹಿಳೆಯರ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಕಾಯಂ ಅಲ್ಲದವರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದಿತು. ಗುತ್ತಿಗೆಯ ಅವಧಿ ನಡುವೆ ಮುಗಿದರೂ ಸೌಲಭ್ಯ ಪೂರ್ತಿ ಸಿಗಬೇಕೆಂದು 2023ರಲ್ಲಿ ವೈದ್ಯೆಯೊಬ್ಬರ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಗುತ್ತಿಗೆ ನೌಕರರು ನಮಗೇನೂ ಇಲ್ಲವೆಂದು ಸುಮ್ಮನಾಗದೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ದುಡಿದಿದ್ದರೆ ಕಾಯ್ದೆಯ ಅರ್ಹತೆ ಬರುತ್ತದೆ.

ಬಂಟ್ವಾಳದ ಮಗಳು

ಮನೆಯಿಂದ ಕೆಲಸ ಮಾಡಿದರೆ ಸಮಸ್ಯೆ ಬಗೆಹರಿಯುತ್ತದೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಅಮ್ಮ ಬೀಡಿ ಕಟ್ಟುತ್ತಿದ್ದುದು ಕಣ್ಣಮುಂದೆ ಬರುತ್ತದೆ. ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆಗಳ ಮಕ್ಕಳ ಶಾಲೆಯ ಫೀಸು ಬೀಡಿಯಿಂದಲೇ ಬಂದದ್ದು. ಹೊರಗೆ ಹೋಗಬೇಕಿಲ್ಲ, ಮಕ್ಕಳನ್ನು ನೋಡಿಕೊಂಡೇ ದುಡಿಯಬಹುದು ಎಂದು ಎಲ್ಲರೂ ಅದನ್ನು ಹೊಗಳುತ್ತಿದ್ದರು. ಮಡಿಲಲ್ಲಿ ಮೊರವಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟುವ ಅಮ್ಮನ ಬೆನ್ನಿಗೆ ನನ್ನ ತಂಗಿ ಅಂಟಿಕೊಂಡಿರುತ್ತಿದ್ದಳು. ಸಾವಿರಕ್ಕೆ ಇಷ್ಟು ಎಂಬ ಲೆಕ್ಕವಾದ್ದರಿಂದ ಅವಳು ಅತ್ತಷ್ಟು ಹೊತ್ತು ಬೀಡಿ ಕಡಿಮೆಯಾಗುತ್ತಿತ್ತು, ಕಡಿಮೆಯಾದುದನ್ನು ಅಮ್ಮ ರಾತ್ರಿ ನಾವೆಲ್ಲ ಮಲಗಿದ ಮೇಲೆ ತುಂಬಿಸುತ್ತಿದ್ದರು. ಹೊಗೆಸೊಪ್ಪಿನ ಘಾಟು ಆ ಮಗುವಿನ ಬಟ್ಟೆಯಲ್ಲೂ ಇರುತ್ತಿತ್ತು.

ಈಗ ನಾನು ಮಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ, ವಾರದಲ್ಲಿ ಮೂರು ದಿನ ಮನೆಯಿಂದ. ಮೀಟಿಂಗಿನಲ್ಲಿ ಧ್ವನಿ ಮುಚ್ಚಿ ಮಗುವಿಗೆ ಉಣಿಸಿ, ರಾತ್ರಿ ಹನ್ನೊಂದಕ್ಕೆ ಕುಳಿತು ಉಳಿದ ಕೆಲಸ ಮುಗಿಸುತ್ತೇನೆ. ಸಂಬಳ ಬೇರೆ, ಕುರ್ಚಿ ಬೇರೆ. ದಿನ ಸಾಗುವ ರೀತಿ ಅಮ್ಮನದೇ. ಮನೆಯಿಂದ ಕೆಲಸ ಮಾಡುವುದರಿಂದ ಉಳಿಯುವುದು ಪ್ರಯಾಣದ ಹೊತ್ತು ಮಾತ್ರ. ಮಗುವನ್ನು ನೋಡಿಕೊಳ್ಳಲು ಆಗಲೂ ಇನ್ನೊಬ್ಬರು ಬೇಕೇ ಬೇಕು.

ಹುಬ್ಬಳ್ಳಿಯ ಅಪ್ಪ

ಇಷ್ಟು ಹೊತ್ತು ಅಜ್ಜಿ, ತಾಯಿ, ಆಯಾ, ಅಕ್ಕ ಎಲ್ಲರೂ ಬಂದರು, ಅಪ್ಪ ಮಾತ್ರ ಬರಲಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲೇ ಕಳೆಯುತ್ತಾರೆ, ಗಂಡಸರು 88 ನಿಮಿಷ. ಮಕ್ಕಳು ಹಿರಿಯರ ಆರೈಕೆಯಲ್ಲಿ ಹೆಂಗಸರದು 137, ಗಂಡಸರದು 75. ಅದೂ ಇಂಥ ಕೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ; ಕೈಯನ್ನೇ ಹಾಕದವರು ಇದರಲ್ಲಿ ಸೇರಿಲ್ಲ.

ನಮ್ಮ ಮಗನ ಡೇ ಕೇರ್ ಅರ್ಜಿಯಲ್ಲಿ ಇಬ್ಬರ ಫೋನ್ ನಂಬರನ್ನೂ ಬರೆದಿದ್ದೆವು. ಜ್ವರ ಬಂದರೆ, ವಾಂತಿಯಾದರೆ, ಡೈಪರ್ ಮುಗಿದರೆ ಫೋನ್ ಹೋಗುತ್ತಿದ್ದುದು ಹೆಂಡತಿಗೆ. ಅವಳು ಎತ್ತದಿದ್ದರೆ ಎರಡನೇ ಬಾರಿಯೂ ಅವಳಿಗೇ. ನನ್ನ ಕಚೇರಿ ಡೇ ಕೇರ್‌ಗೆ ಹತ್ತಿರವಿದೆ, ಅವಳದು ದೂರ. ಅಲ್ಲಿನ ಮೇಡಂ ಅವರನ್ನು ಕಂಡು, ಮೊದಲ ಕರೆ ನನಗೇ ಬರಬೇಕೆಂದು ಹೇಳಿ ಅರ್ಜಿಯಲ್ಲಿ ಕ್ರಮ ಬದಲಿಸಿ ಬರೆಸಿದೆ. ಅವರು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಂಡರು. ಕಚೇರಿಯಲ್ಲಿ ನಾನು ಮಧ್ಯಾಹ್ನ ಎದ್ದು ಹೊರಟಾಗ ಮನೆಯಲ್ಲಿ ಯಾರೂ ಇಲ್ಲವೇ ಎಂದು ಮೇಲಧಿಕಾರಿ ಕೇಳಿದರು. ಇದ್ದೇನಲ್ಲ ಸರ್, ನಾನೇ ಹೋಗುತ್ತಿದ್ದೇನೆ ಎಂದೆ. ಒಂದು ವರ್ಷ ಹೀಗೆ ನಡೆದ ಮೇಲೆ ಹೆಂಡತಿಗೆ ಬಡ್ತಿ ಬಂತು, ನನ್ನ ರಜೆಯ ಖಾತೆ ಬರಿದಾಯಿತು. ಮಗುವಿಗೆ ಕಾಯಿಲೆ ಬಂದಾಗ ತಾಯಿಯ ಉದ್ಯೋಗಕ್ಕೆ ಬೀಳುವ ಪೆಟ್ಟು ಎಷ್ಟೆಂಬುದು ಅದರ ಅರ್ಧವನ್ನು ತಿಂದಾಗಲೇ ನನಗೆ ತಿಳಿದದ್ದು.

ರಾಜ್ಯ ಸರ್ಕಾರಿ ನೌಕರ ತಂದೆಗೆ 15 ದಿನ ಪಿತೃತ್ವ ರಜೆಯಿದೆ. ಖಾಸಗಿಯವರಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. ಮಗು ಎಂದರೆ ತಾಯಿಯ ರಜೆ ಎಂದು ಕಾನೂನೇ ಹೇಳುವಾಗ ಮಾಲೀಕರು ಬೇರೆ ರೀತಿ ಯೋಚಿಸಲಿ ಎಂದು ಹೇಗೆ ನಿರೀಕ್ಷಿಸುವುದು?

ಮ್ಯೂನಿಕ್ ಕನ್ನಡಿಗ

ಹುಬ್ಬಳ್ಳಿಯ ಸೋದರರ ಪ್ರಶ್ನೆಗೆ ಇಲ್ಲಿನ ವ್ಯವಸ್ಥೆಯನ್ನು ಹೇಳಿದರೆ ಉಪಯೋಗವಾಗಬಹುದು. ಜರ್ಮನಿಯಲ್ಲಿ 2007ರಿಂದ ಪೋಷಕರ ಭತ್ಯೆಯಿದೆ. ಅದು ಮಾಲೀಕನ ಜೇಬಿನಿಂದಲ್ಲ, ಸರ್ಕಾರದ ಬೊಕ್ಕಸದಿಂದ ಬರುತ್ತದೆ. ಒಬ್ಬರೇ ತೆಗೆದುಕೊಂಡರೆ 12 ತಿಂಗಳು. ಇನ್ನೊಬ್ಬರೂ ಕನಿಷ್ಠ ಎರಡು ತಿಂಗಳು ತೆಗೆದುಕೊಂಡರೆ ಒಟ್ಟು 14. ಆ ಎರಡು ತಿಂಗಳು ಬಿಟ್ಟರೆ ಕಳೆದುಹೋಗುವುದರಿಂದ ಅಪ್ಪಂದಿರು ಮನೆಯಲ್ಲಿ ಉಳಿಯಲು ಕಲಿತರು, ನಾನೂ ಹಾಗೆಯೇ ಕಲಿತೆ. 2013ರ ಆಗಸ್ಟ್‌ನಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುವಿಹಾರದಲ್ಲಿ ಜಾಗ ಪಡೆಯುವ ಕಾನೂನುಬದ್ಧ ಹಕ್ಕಿದೆ. ರಜೆ ಮುಗಿಯುವ ಕಡೆಯೇ ಶಿಶುವಿಹಾರ ಶುರುವಾಗಬೇಕೆಂಬ ಜೋಡಣೆ ಇದರಲ್ಲಿದೆ. ಆದರೆ ಸಿಬ್ಬಂದಿ ಸಾಲದೆ ಈ ಊರಿನಲ್ಲಿ ಜಾಗಕ್ಕಾಗಿ ತಿಂಗಳುಗಟ್ಟಲೆ ಕಾಯುವವರಿದ್ದಾರೆ, ಹೆಚ್ಚಿನ ತಾಯಂದಿರು ಅರ್ಧ ಹೊತ್ತಿನ ಕೆಲಸಕ್ಕೇ ಮರಳುತ್ತಾರೆ ಎಂಬುದನ್ನೂ ಹೇಳಬೇಕು.

ಬನಶಂಕರಿ ತಾಯಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಅಮ್ಮನ ನಾಲ್ಕು ತಿಂಗಳಾದ ಮೇಲೆ ಏನು ಎಂಬುದು ನನ್ನ ಮುಂದಿನ ಪ್ರಶ್ನೆ. ಯಜಮಾನರು ಸಂಜೆಯ ಪಾಳಿಗೆ ಬದಲಾಯಿಸಿಕೊಳ್ಳಲು ಕೇಳುತ್ತಿದ್ದಾರೆ; ಸಿಕ್ಕರೆ ಬೆಳಗಿನ ಹೊತ್ತು ಮಗು ಅವರದು. ಮಧ್ಯಾಹ್ನಕ್ಕೆ ಕ್ರೆಶ್ ಬೇಕು. ವಕೀಲರು ಹೇಳಿದ ಐವತ್ತರ ನಿಯಮವನ್ನು ನಮ್ಮ ಮ್ಯಾನೇಜರ್ ಮುಂದಿಟ್ಟೆ. ನಮ್ಮದು ಬಾಡಿಗೆಯ ಒಂದೇ ಮಹಡಿ, ಜಾಗವೆಲ್ಲಿದೆ ಎಂದರು. ನಮ್ಮ ಕಟ್ಟಡದಲ್ಲಿ ಬೇರೆ ಬೇರೆ ಕಂಪನಿಗಳ ಐದು ಕಚೇರಿಗಳಿವೆ. ಎಲ್ಲರೂ ಸೇರಿ ಒಂದನ್ನು ನಡೆಸಲು ಕಾನೂನು ಒಪ್ಪುತ್ತದೆಯೇ?

ಕಾರ್ಮಿಕ ವಕೀಲೆ, ಮೈಸೂರು

ಒಪ್ಪುತ್ತದೆ. ಪ್ರತ್ಯೇಕವಾಗಿಯೂ ಮಾಡಬಹುದು, ಇತರರೊಂದಿಗೆ ಸೇರಿ ಸಾಮಾನ್ಯ ವ್ಯವಸ್ಥೆಯಾಗಿಯೂ ಮಾಡಬಹುದು. ಕೇಂದ್ರ ಕಟ್ಟಡದ ಒಳಗೇ ಇರಬೇಕೆಂದಿಲ್ಲ, ನಿಗದಿತ ದೂರದೊಳಗಿದ್ದರೆ ಸಾಕು; ಹತ್ತಿರದ ಒಳ್ಳೆಯ ಡೇ ಕೇರ್ ಒಂದರ ಜೊತೆ ಒಪ್ಪಂದ ಮಾಡಿಕೊಳ್ಳುವುದನ್ನೂ ಮಾತಿಗೆ ತನ್ನಿ. ಮನವಿಯನ್ನು ನೀವೊಬ್ಬರೇ ಸಹಿ ಮಾಡಿ ಕೊಡಬೇಡಿ. ಐದೂ ಕಚೇರಿಗಳ ತಾಯಂದಿರು ಮತ್ತು ತಂದೆಯರು ಸಹಿ ಹಾಕಲಿ, ಎಷ್ಟು ಮಕ್ಕಳು, ಯಾವ ವಯಸ್ಸು, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬೇಕು ಎಂಬುದನ್ನು ಪಟ್ಟಿ ಮಾಡಿ ಲಗತ್ತಿಸಿ. ನಾಲ್ಕು ಭೇಟಿಗಳನ್ನೂ ಹಾಲುಣಿಸುವ ಎರಡು ಬಿಡುವುಗಳನ್ನೂ ಪ್ರತ್ಯೇಕವಾಗಿ ಬರೆಯಿರಿ, ಆ ಹೊತ್ತಿನ ಕೆಲಸವನ್ನು ಗುರಿಯಿಂದ ಕಳೆಯಬೇಕೆಂಬ ಸಾಲನ್ನು ಮರೆಯಬೇಡಿ.

ಸಿಬ್ಬಂದಿ ವಿಭಾಗದವ, ಜೆ.ಪಿ. ನಗರ

ಮೇಡಂ, ನಮ್ಮಲ್ಲಿ ಮೂವತ್ತೇ ಜನ ಇರುವುದರಿಂದ ಕಾನೂನಿನ ಒತ್ತಾಯವಿಲ್ಲ. ಆದರೂ ನಮ್ಮ ಕಟ್ಟಡದಲ್ಲಿರುವ ಇತರ ಸಂಸ್ಥೆಗಳನ್ನು ಕೇಳಿ ನೋಡುತ್ತೇನೆ. ಖರ್ಚನ್ನು ನೌಕರರ ಸಂಖ್ಯೆಯ ಮೇಲೆ ಹಂಚುವುದೋ, ಮಕ್ಕಳ ಸಂಖ್ಯೆಯ ಮೇಲೆ ಹಂಚುವುದೋ ಎಂಬುದು ಮೊದಲ ಜಗಳವಾಗುತ್ತದೆ. ಮಕ್ಕಳ ಲೆಕ್ಕದಲ್ಲಿ ಹಂಚಿದರೆ ತಾಯಂದಿರನ್ನು ನೇಮಿಸಿಕೊಳ್ಳದವನಿಗೆ ಲಾಭವಾಗುತ್ತದೆ, ಆದ್ದರಿಂದ ನೌಕರರ ಲೆಕ್ಕವೇ ಸರಿ ಎಂದು ನನ್ನ ಅಭಿಪ್ರಾಯ. ನಿಮ್ಮ ಮನವಿಯ ಕರಡು ಸಿದ್ಧವಾದರೆ ಇಲ್ಲಿ ಹಾಕಿ, ನಮ್ಮ ಕಡೆಗೂ ಅದನ್ನೇ ತಿದ್ದಿ ಬಳಸಿಕೊಳ್ಳುತ್ತೇನೆ.